ಯಾರೂ ಮುಟ್ಟದ ನೀರು

ಕೆಂಪು ರಿಬ್ಬನ್ನು, ಮುಂದಿನ ಸೀಟಿನ ಹುಡುಗಿಯ ಜಡೆಯಿಂದ ಬಿಚ್ಚಿಕೊಂಡು ಕಿಟಕಿಯ ಗಾಳಿಗೆ ಒಂದೇ ಎಳೆಯಾಗಿ ಅಲುಗುತ್ತಿದೆ, ಅದನ್ನು ನೋಡಬಾರದು, ಹೊರಗೆ ನೋಡಬೇಕು, ತೆಂಗಿನ ಮರ, ತೆಂಗಿನ ಮರ, ಅರಸೀಕೆರೆ ಬರುವವರೆಗೂ ಇಷ್ಟೇ — ಬೆಳಿಗ್ಗೆ ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಗದವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟರು, ನೋಡಿ ಇಂದುಧರ, ಎಚ್‌ಐವಿ ಅಂದ್ರೆ ಒಂದೇ ಜಾತಿ ಅಲ್ಲ, ನಮ್ಮ ಕಡೆ ಹೆಚ್ಚಾಗಿ ಸಿಗೋದು ಸಿ ಅನ್ನೋ ಜಾತಿ, ನಿಮ್ಮ ರಕ್ತದಲ್ಲಿ ಸಿ ಮತ್ತು ಬಿ ಎರಡೂ ಬೆಸೆದುಕೊಂಡಿವೆ, ಇಂಥದ್ದು ಈಶಾನ್ಯದ ಕಡೆ ಸೂಜಿ ಹಂಚ್ಕೊಳ್ಳೋರಲ್ಲಿ ಕಾಣುತ್ತೆ, ನಿಮ್ಮ ಗುಂಪಿನ ನಾಲ್ಕೂ ಜನರಲ್ಲಿ ಇದೇ ಇದೆ, ತೀರಿಕೊಂಡ ಚನ್ನೇಶ್ ಅವರಿಂದ ಮೊದಲೇ ತೆಗೆದಿಟ್ಟಿದ್ದ ರಕ್ತದಲ್ಲೂ, ನಿಮ್ಮಲ್ಲಿ ಯಾರಾದ್ರೂ ಆ ಕಡೆ ಹೋಗಿದ್ರಾ, ತಪ್ಪು ಹೊರಿಸೋಕೆ ಕೇಳ್ತಿಲ್ಲ — ಗೋಡೆಯ ಫ್ಯಾನು ಆ ಕಡೆ ತಿರುಗಿತು, ಈ ಕಡೆ ತಿರುಗಿತು, ಚನ್ನೇಶ್ ಹೋಗಿದ್ದ ಮೇಡಂ, ಅಂದೆ.

ಚನ್ನೇಶ್ ಕಡೂರು ದಾಟಿದವನಲ್ಲ. ಗುವಾಹಟಿಗೆ ಹೋದವನು ನಾನು, ಅಪ್ಪನ ಕೊಬ್ಬರಿ ಲೋಡಿನ ಜೊತೆ, ಮಾಲು ಇಳಿಸಿಕೊಳ್ಳಲು ಮಂಡಿಯವರು ಹನ್ನೊಂದು ದಿನ ಕಾಯಿಸಿದರು, ಗೋದಾಮಿನ ಹಿಂದಿನ ಕೋಣೆ, ನನ್ನ ಭಾಷೆ ಬಾರದ ಮೂವರು, ಒಂದು ಸೂಜಿ, ಮೈತುಂಬ ಬೆಚ್ಚಗಿನ ಮಂಪರು, ಊರಿಗೆ ಬಂದು ನಮ್ಮ ಕೊಬ್ಬರಿ ಅಟ್ಟದ ಕೆಳಗೆ ಗೆಳೆಯರಿಗೂ ಕಲಿಸಿದೆ, ಚನ್ನೇಶ್ ಹೆದರಿದ್ದ, ಏನ್ಲಾ ಇದು, ರೋಗಗೀಗ ಬಂದ್ರೆ, ಸಂತೋಷ್ ನಕ್ಕ, ಇವ್ನು ಕಾಯಿ ಕೀಳಕ್ಕೂ ಮರ ಹತ್ತಲ್ಲ, ಸೂಜಿ ಕಂಡ್ರೂ ನಡುಗ್ತಾನೆ, ಆಗ ನಾನೇ ಹೇಳಿದ್ದು, ಎಳನೀರಲ್ಲಿ ತೊಳೆದ್ರೆ ಏನೂ ಆಗಲ್ಲ ಕಣೋ, ಯಾರೂ ಮುಟ್ಟದ ನೀರು, ದೇವರ ಮೇಲೆ ಸುರಿಯೋದು — ಅಭಿಷೇಕಕ್ಕೆ ಕಾಯಿ ಕೆತ್ತುವಾಗೆಲ್ಲ ಅಜ್ಜಿ ಗುರುಸಿದ್ದಮ್ಮ ಹೇಳುತ್ತಿದ್ದದ್ದು, ಬಾವಿ ನೀರಿಗೆ ಹಗ್ಗ ತಾಗಿರುತ್ತೆ, ಕೈ ತಾಗಿರುತ್ತೆ, ಕಾಯೊಳಗಿನದಕ್ಕೆ ಏನೂ ತಾಗಿಲ್ಲ — ಮೊದಲು ನಾನು ಚುಚ್ಚಿಕೊಂಡೆ, ಸೂಜಿಯನ್ನು ಎಳನೀರಿಗೆ ಅದ್ದಿ ನೀರೆಳೆದು ಮತ್ತೆ ಕಾಯೊಳಗೇ ಬಿಟ್ಟೆ, ಕಾಯೊಳಗಿನ ಬಿಳಿ ಗಂಜಿಯ ಮೇಲೆ ಒಂದು ಕೆಂಪು ಎಳೆ, ಸುರುಳಿ ಬಿಚ್ಚಿ, ನಿಂತಿತು, ಕರಗಲಿಲ್ಲ, ತೊಳೀತು ಬಿಡು ಅಂದೆ, ಚನ್ನೇಶ್ ತೋಳು ಚಾಚಿದ.

ಮೊದಲು ಸೊರಗಿದವನು ಅವನು, ಮೊದಲು ಸತ್ತವನೂ ಅವನೇ, ಅದಕ್ಕೇ ರೋಗ ಅವನಿಂದಲೇ ಬಂತು ಎಂದಿತು ಊರು, ಅವನ ತಾಯಿ ಮುದ್ದಮ್ಮನನ್ನು ರಾಗಿ ಹೊಲದ ಕಳೆಗೆ ಕರೆಯುವುದನ್ನು ನಿಲ್ಲಿಸಿತು, ನಾನು ಸುಮ್ಮನಿದ್ದೆ, ಸುಮ್ಮನಿರುವುದು ಸುಳ್ಳಲ್ಲ ಎಂದುಕೊಂಡಿದ್ದೆ, ಇವತ್ತು ಸುಳ್ಳೂ ಆಯಿತು, ಡಾಕ್ಟರಮ್ಮ ಬರೆದುಕೊಂಡರು, ಇನ್ನು ಅವನು ಕಾಗದದಲ್ಲೂ ಆ ಕಡೆ ಹೋಗಿಬಂದವನು — ಬಸ್ಸು ನಿಂತಿದೆ, ಅರಸೀಕೆರೆ, ಊರಿಗೆ ಹೋಗುವ ಕಣಕಟ್ಟೆ ಬಸ್ಸಿಗೆ ಇನ್ನೂ ಹೊತ್ತಿದೆ, ಸ್ಟ್ಯಾಂಡಿನ ಬಾಗಿಲಲ್ಲೇ ಮುದ್ದಮ್ಮ, ಈಗ ಇಲ್ಲಿ ಎಳನೀರು ಮಾರುತ್ತಾಳೆ, ಇಲ್ಲಿ ಕುಡಿಯುವವರಿಗೆ ಅವಳ ಮಗ ಯಾರೆಂದು ಗೊತ್ತಿಲ್ಲ, ತಲೆ ತಗ್ಗಿಸಿ ದಾಟಿಬಿಡಬೇಕು, ಬಾರಪ್ಪ ಇಂದುಧರ, ಆಸ್ಪತ್ರೆಗೆ ಹೋಗಿದ್ಯಾ, ಏನಂದ್ರು, ಏನಿಲ್ಲಮ್ಮ, ಮಾತ್ರೆ ಬದಲಾಯಿಸ್ತಾರಂತೆ, ಒಣಗೋಗಿದ್ಯಲ್ಲೋ, ಕುಡಿ, ಗಂಜಿನೂ ಐತೆ — ಮಚ್ಚಿನ ಮೂರು ಏಟು — ನನ್ ಮಗನಿಂದ ನಿಂಗೂ ಬಂತು, ಮನಸಲ್ಲಿ ಇಟ್ಕಬ್ಯಾಡ ಕಣಪ್ಪ, ಅವ್ನಿಗೆ ತಿಳಿವಳಿಕೆ ಇರ್ಲಿಲ್ಲ, ಅವ್ನ ಬದ್ಲು ನಾನು ತಪ್ಪಾಯ್ತು ಅಂತ ಕೇಳ್ಕತೀನಿ, ಈಗಲಾದರೂ ಹೇಳಿಬಿಡಬೇಕು, ಅಮ್ಮಾ ಅವನಲ್ಲ, ಎರಡೇ ಮಾತು, ಕಾಯಿ ಕೈಯಲ್ಲಿ ತಣ್ಣಗಿದೆ, ಅವಳು ನೋಡುತ್ತಿದ್ದಾಳೆ, ಕುಡಿಯಪ್ಪ, ನೀರು ತಿಳಿಯಾಗಿದೆ, ಒಳಗೆ ಏನೂ ಇಲ್ಲ, ಯಾರೂ ಮುಟ್ಟದ ನೀರು, ಬಿಳಿ ಗಂಜಿ, ಬಿಳಿ ಗಂಜಿಯ ಮೇಲೆ ಒಂದು ಎಳೆ, ಸುರುಳಿ ಬಿಚ್ಚಿ, ನಿಂತು, ಕೆಂಪು ಎಳೆ