ಹಳೇ ಮನೆಯ ದನಿ

ಮೈಸೂರಿನ ಆಸ್ಪತ್ರೆಯವರು ಮಗಳು ಮಧುವಿನ ಹೃದಯದ ಆಪರೇಷನ್ನಿಗೆ ದಿನ ಕೊಟ್ಟ ಮೇಲೆ ಯಶೋಧಾಳಿಗೆ ಇನ್ನೊಂದು ಚಿಂತೆ ಅಂಟಿಕೊಂಡಿತು. ಗಂಡ ವೀರೇಂದ್ರನೂ ಜೊತೆಗೆ ಬರಬೇಕು. ಹನ್ನೆರಡು ದಿನ ಕೆಂಚನನ್ನು ಯಾರಿಗೆ ಒಪ್ಪಿಸುವುದು? "ಅವನಿಗೊಂದು ಜಾಗ ಮಾಡ್ದೇ ಇದ್ರೆ ನಾನು ಬರಲ್ಲ" ಎಂದು ಒಂಬತ್ತು ವರ್ಷದ ಹುಡುಗಿ ಹಟ ಹಿಡಿದಿದ್ದಳು. ಬೈರಾಪಟ್ಟಣದ ಅವರ ಹಿಟ್ಟಿನ ಗಿರಣಿಯ ಮೆಟ್ಟಿಲ ಮೇಲೆ, ಬೆನ್ನೆಲ್ಲ ರಾಗಿಹಿಟ್ಟು ಮೆತ್ತಿಕೊಂಡು ಮಲಗುವ ಬೀದಿನಾಯಿ ಅದು.

ರಾಮನಗರದಲ್ಲಿ ನಾಯಿಗಳನ್ನು ಇಟ್ಟುಕೊಳ್ಳುವ ಜಾಗವೊಂದನ್ನು ನೋಡಿಬಂದಳು. ತಾರಸಿಯ ಮೇಲೆ ಸಾಲು ಪಂಜರ, ಫಿನಾಯಿಲ್ ವಾಸನೆ. "ದಿನಾ ವಾಟ್ಸಾಪಲ್ಲಿ ಫೋಟೋ ಕಳಿಸ್ತೀವಿ ಮೇಡಂ" ಎಂದರು. ಹತ್ತು ನಾಯಿಗಳಿದ್ದವು, ಹೊಸಬಳೊಬ್ಬಳು ಬಂದರೂ ಒಂದೂ ಬೊಗಳಲಿಲ್ಲ. ಮುಂಗಡ ಕೊಡದೆ ಇಳಿದು ಬಂದಳು. ನಾದಿನಿ ದ್ರಾಕ್ಷಾಯಿಣಿಯೋ, "ಮೀಟರ್ ಓದೋನ್ನೇ ಕಚ್ಚಿರೋ ನಾಯಿ, ನಮ್ಮನೇಗೆ ಬ್ಯಾಡ ಕಣತ್ತಿಗೆ" ಎಂದು ಫೋನಿಟ್ಟಳು.

ಕೊನೆಗೆ ನೆನಪಾದವನು ಕೋಡಿಹಳ್ಳಿಯ ಮಂಚಯ್ಯ. ಸುಗ್ಗಿ ಮುಗಿದ ಮೇಲೆ ಬೈರಾಪಟ್ಟಣದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುವವನು. ರಾಗಿ ಬೀಸಿಸಲು ಗಿರಣಿಗೆ ಬಂದಾಗ ಕೆಂಚ ಅವನೊಬ್ಬನನ್ನು ಕಂಡು ಬೊಗಳುತ್ತಿರಲಿಲ್ಲ.

"ತಂದ್ ಬುಡಿ ಯಶೋಧಮ್ಮ. ಮರಿಗಳ್ ಜೊತೆ ಇದೂ ಒಂದ್ ಮರಿ."

ಆದರೆ ಕೆಂಚನನ್ನು ಬಿಡಲು ಕೋಡಿಹಳ್ಳಿಗೆ ಹೋದಾಗ, ಹಾಸಲೆಂದು ಅವಳು ಕೊಟ್ಟ ಮಧುವಿನ ಹಳೆಯ ಲಂಗವನ್ನು ಮಂಚಯ್ಯ ಅವಳ ಚೀಲಕ್ಕೇ ವಾಪಸ್ ತುರುಕಿದ. ಕುರಿಹಟ್ಟಿಯಲ್ಲಿ ಹಾಸಿದ್ದ ಕಂಬಳಿ ತಂದು ಕೆಂಚನ ಮೈಯೆಲ್ಲ ಉಜ್ಜಿದ.

"ಹೊಸ ನಾಯ್ಗೆ ಮಂದೆ ವಾಸ್ನೆ ಹತ್ಬೇಕು. ಹಳೇ ಮನೆ ವಾಸ್ನೆ, ಹಳೇ ಮನೆ ದನಿ, ಎರಡೂ ಬರ್ಕೂಡ್ದು. ನೀವು ಫೋನು ಗೀನು ಮಾಡ್ಬ್ಯಾಡಿ. ನಾನೇ ಮಾಡ್ತೀನಿ."

"ಏನ್ ಮಂಚಯ್ಯ, ಸೊಸೆ ತಂದಂಗ್ ಆಡ್ತೀಯಲ್ಲ!"

"ಸೊಸೆ ಆದ್ರೆ ತವರಿಗೆ ಬಸ್ ಹತ್ತಾಳು. ಇದು ನಡ್ಕಂಡ್ ಹೋಯ್ತದೆ ಕಣವ್ವ."

ಅವನು ಮಾತಿಗೆ ತಪ್ಪಲಿಲ್ಲ. ದಿನಾ ಮಧ್ಯಾಹ್ನ ಫೋನು: "ಮುದ್ದೆ ತಿಂತು, ಮನೀಕಂತು." ಅಷ್ಟೇ.

ಆಪರೇಷನ್ನಿನ ಹಿಂದಿನ ಸಂಜೆ ಮಧು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಊಟ ಬೇಡ, ಮಾತ್ರೆ ಬೇಡ. "ಒಂದೇ ಒಂದ್ಸಲ ಕೆಂಚನ ದನಿ ಕೇಳ್ಸಮ್ಮ." ನಿದ್ದೆಗೆಟ್ಟು ನಿದ್ದೆಗೆಟ್ಟು ಯಶೋಧಾಳಿಗೆ ಇಲ್ಲ ಎನ್ನುವ ತ್ರಾಣವೂ ಉಳಿದಿರಲಿಲ್ಲ. ಮಂಚಯ್ಯ ಕುರಿ ಹೊಡೆದುಕೊಂಡು ಬರುವುದರೊಳಗೆ ಅವನ ಹೆಂಡತಿ ಮುನಿತಾಯಮ್ಮನ ನಂಬರಿಗೆ ಫೋನ್ ಮಾಡಿದಳು. "ಅಯ್ಯೋ, ಪಾಪದ ಕೂಸು" ಎಂದು ಆಕೆ ಫೋನನ್ನು ನಾಯಿಯ ಕಿವಿಗೆ ಹಿಡಿದಳು.

"ಕೆಂಚಾ! ಬಾರೋ, ಬಾ!" ಎಂದು ಮಧು ಕರೆದಳು.

ಅದು ಬೊಗಳಿದ ಬೊಗಳಿಗೆ ಪಕ್ಕದ ಮಂಚದವರೂ ತಿರುಗಿ ನೋಡಿದರು. ಮಧು ನಕ್ಕಳು. ನಗುನಗುತ್ತಲೇ ಎರಡು ಇಡ್ಲಿ ತಿಂದಳು.

ಆಪರೇಷನ್ ಸಲೀಸಾಗಿ ಆಯಿತು. ಆ ಗಡಿಬಿಡಿಯಲ್ಲಿ ಮಂಚಯ್ಯನ ಫೋನು ನಿಂತದ್ದು ಯಶೋಧಾಳ ಗಮನಕ್ಕೇ ಬರಲಿಲ್ಲ. ಮಗುವನ್ನು ವಾರ್ಡಿಗೆ ತಂದ ದಿನ ಮಂಚಯ್ಯ ಬಸ್ಸು ಹಿಡಿದು ಬಂದ. ಕೈಯಲ್ಲಿ ಹಲ್ಲಿನಿಂದ ಕಡಿದ ಹಗ್ಗದ ತುಂಡು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಲೂ ಇಲ್ಲ.

"ಕನಕಪುರದ ರೋಡಲ್ಲಿ ಲಾರಿ ಹೊಡ್ದುಬುಟ್ಟೈತೆ ಕಣವ್ವ. ನಿಮ್ಮೂರ್ ಕಡೀಕೇ ಮುಖ ಮಾಡ್ಕಂಡ್ ಬಿದ್ದಿತ್ತು. ನಾನೇ ಮಣ್ಣು ಮಾಡ್ದೆ. ಐದ್ ದಿನ ಸುಮ್ನಿತ್ತು, ಮೊನ್ನೆ ರಾತ್ರಿ ಅದೇನಾಯ್ತೋ, ಹಗ್ಗ ಕಡ್ಕಂಡ್ ಓಡ್ತು. ನಂಬಿ ಕೊಟ್ರಿ, ಉಳಿಸ್ಕೊಳಾಕ್ ಆಗ್ನಿಲ್ಲ."

ಮುನಿತಾಯಮ್ಮ ಫೋನಿನ ವಿಷಯ ಅವನಿಗೆ ಹೇಳಿರಲಿಲ್ಲ. ಹೇಳಬೇಕಾದವಳು ಯಶೋಧಾಳೇ.

"ನಾನು ಫೋನ್ ಮಾಡ್ದೆ, ಮಂಚಯ್ಯ. ಮಧು ಅದರ ಜೊತೆ ಮಾತಾಡಿದ್ಲು."

ಅವನು ಹಗ್ಗದ ಕಡಿದ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಕೂಸು ಏನಂತು?"

"ಬಾ ಅಂತು."

"ಅಂಗಾರೆ ಅದ್ಯಾಕ್ ನಿಂತೀತು" ಎಂದು ಹಗ್ಗವನ್ನು ಅವಳ ಕೈಗಿಟ್ಟು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲಿಳಿದ.

ಒಳಗಿನಿಂದ ಮಧು ಕೂಗಿದಳು. "ಅಮ್ಮಾ, ಮೊನ್ನೆ ನಾನು ಬಾ ಅಂದಿದ್ದು ಕೆಂಚಂಗೆ ಕೇಳಿಸ್ತಾ?"

ಯಶೋಧಾ ಹಗ್ಗವನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಕೇಳಿಸ್ತು ಮಗಾ."