ಅಲಸಂದಿಯ ಎಲೆಗಳಿಗೆ ಬಿಗಿದ ನೂಲು

ಸಡಿಲವಾದದ್ದು ಯಾವುದನ್ನೂ ಚನಮಲ್ಲಪ್ಪ ಸಹಿಸಲಾರ. ನಲವತ್ತು ವರ್ಷ ರಬಕವಿಯ ಕೈಮಗ್ಗದ ಮುಂದೆ ಕುಳಿತ ಜೀವ; ಮಲಗುವ ಹೊರಸಿನ ಹಗ್ಗವಿರಲಿ, ಬಟ್ಟೆ ಒಣಹಾಕುವ ದಾರವಿರಲಿ, ಎಳೆದು ಬಿಗಿಯದೆ ಅವನಿಗೆ ಊಟ ಸೇರದು. ಇದನ್ನೆಲ್ಲ ಹೆಂಡತಿ ಅನ್ನವ್ವ ಹೇಗೋ ನುಂಗಿಕೊಂಡಿದ್ದಳು. ಗಂಡನ ಕೈ ಹಿತ್ತಲಿನ ಅಲಸಂದಿಯವರೆಗೂ ಹೋದಾಗ ಅವಳ ತಾಳ್ಮೆ ತೀರಿತು.

ಅವಳ ತವರೂರಾದ ರನ್ನ ಬೆಳಗಲಿಯಲ್ಲಿ ಆ ಕೆಂಪು ಅಲಸಂದಿಯನ್ನು ಈಗ ಯಾರೂ ಬಿತ್ತುವುದಿಲ್ಲ. ಅವ್ವನ ಗಡಿಗೆಯ ತಳದಲ್ಲಿ ಸಿಕ್ಕ ಏಳು ಕಾಳುಗಳಲ್ಲಿ ಮೊಳೆತದ್ದು ಒಂದೇ. ಅದು ಕಾಯಿ ಕಟ್ಟಿದರೆ ಬೀಜ ಉಳಿಯಿತು; ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಅಂಗೈಯಂತೆ ಹರಡಿರುತ್ತಿದ್ದ ಅದರ ಎಲೆಗಳು ನಡುಹಗಲಿನಲ್ಲಿ ಎದ್ದು ನಿಂತು, ಸೂರ್ಯನಿಗೆ ಬರಿಯ ಅಂಚನ್ನು ತೋರಿಸುತ್ತಿದ್ದವು. ಅಂದು ಅನ್ನವ್ವ ಸಂತೆಯಿಂದ ಬರುವಷ್ಟರಲ್ಲಿ ಚನಮಲ್ಲಪ್ಪ ಐದು ಎಲೆಗಳ ಸುತ್ತ ಕಡ್ಡಿ ನೆಟ್ಟು, ಮಗ್ಗದಲ್ಲಿ ಉಳಿದ ನೂಲಿನಿಂದ ಅವನ್ನು ಬಿಸಿಲಿಗೆ ಎದುರಾಗಿ ಎಳೆದು ಕಟ್ಟಿದ್ದ.

“ಇದೇನ ಮಾಡೀರಿ?”

“ಎಲಿ ಮಡಚಾಕತ್ತಿದ್ವು. ಬಿಸಲ ಪೂರಾ ಬೀಳಲಿ ಅಂತ ಬಿಗದೇನಿ. ಎಷ್ಟ ಛಲೋ ನಿಂತಾವ ನೋಡ!”

“ಅದೇನ ಸೀರಿ ಏನ್ರಿ? ಮದಲ ಬಿಚ್ಚರಿ!”

“ಸಂಜಿತನಕ ತಡಿ. ನಿನಗೇನ ತಿಳೀತೈತಿ?”

ಮನೆಯಲ್ಲಿದ್ದ ಒಂದೇ ಕತ್ತರಿಯನ್ನು ಕಿಸೆಗಿಳಿಸಿ ಅವನು ಪಕ್ಕದ ಬನಹಟ್ಟಿಗೆ ಹೊರಟೇಬಿಟ್ಟ. ಅನ್ನವ್ವ ಒಂದು ಎಳೆ ಜಗ್ಗಿದಳು, ಬಳ್ಳಿಯೇ ಬಾಗಿತು. ಐದನೆಯ ಎಲೆಯ ಬುಡದಲ್ಲಿ ಇರುವೆಯ ತಲೆಯಷ್ಟು ಮೊಗ್ಗಿತ್ತು. ಕೈ ಹಿಂದೆಗೆದುಕೊಂಡು, ಗಂಡನನ್ನೂ ಅವನ ಗಂಟುಗಳನ್ನೂ ಬೈಯುತ್ತ ಕುಳಿತಳು.

ನಾಲ್ಕು ಗಂಟೆಗೆ ಅವನು ಮರಳಿದಾಗ ಕಟ್ಟಿದ ಐದೂ ಎಲೆಗಳು ಬಿಳಿಚಿ, ನಡುವೆ ಕಂದು ಬಣ್ಣಕ್ಕೆ ತಿರುಗಿದ್ದವು. ಕಟ್ಟದವು ಹಸಿರಾಗಿಯೇ ಮೆಲ್ಲಗೆ ಮತ್ತೆ ಹರಡಿಕೊಳ್ಳುತ್ತಿದ್ದವು. ಬಗ್ಗಿ ನೋಡುತ್ತಿದ್ದ ಚನಮಲ್ಲಪ್ಪ ಕಣ್ಣಿಗೆ ಬಿದ್ದ ಇಳಿಬಿಸಿಲನ್ನು ತಾಳದೆ ಮುಖ ಓರೆ ಮಾಡಿದ.

“ಮಾರಿ ಯಾಕ ತಿರವತೀರಿ? ಕಡ್ಡಿ ತರ್ಲೇನು? ಬಿಗದ ಕಟ್ಟತೇನಿ!”

ಅವನು ಕತ್ತರಿ ತೆಗೆದು, ಹರಿದ ಎಳೆಯನ್ನು ಸೀರೆಯಲ್ಲಿ ಹುಡುಕುವ ಎಚ್ಚರದಿಂದ, ಒಂದೊಂದೇ ನೂಲನ್ನು ಕತ್ತರಿಸಿದ. ಮೊಗ್ಗು ಉಳಿದಿತ್ತು.

“ಇನ್ನ ಹೊರಸ ಬಿಗೀರಿ, ಹಗ್ಗಾ ಬಿಗೀರಿ. ಹಿತ್ತಲಕ್ಕ ಮಾತ್ರ ಕಾಲಿಡಬ್ಯಾಡ್ರಿ.”

ಬಳ್ಳಿ ಮೂರೇ ಕಾಯಿ ಕೊಟ್ಟಿತು. ಅವು ಒಣಗಿದ ದಿನ ಅನ್ನವ್ವ ಕೆಂಪು ಕಾಳುಗಳನ್ನು ಬಟ್ಟೆಯ ತುಂಡಿನಲ್ಲಿ ಸುರಿದು, ಅದರ ನಾಲ್ಕು ತುದಿ ಕೂಡಿಸಿ ಗಂಡನ ಮುಂದೆ ಹಿಡಿದಳು.

“ತಗೋರಿ. ಇದನ್ನ ಬಿಗೀರಿ.”