ಅಕ್ಕ ಕೆರೆದು ಹಾಕಿದ ಹಳದಿ

ಅಕ್ಕ ಚಿತ್ರ ಬರೆಯುವವಳು, ತಂಗಿ ಡ್ರಮ್ ನುಡಿಸುವವಳು. ಅಕ್ಕನ ಪ್ರದರ್ಶನದ ಮೊದಲ ದಿನ ಅವಳ ದೊಡ್ಡ ಚಿತ್ರದ ಮುಂದೆ, ಆ ಚಿತ್ರಕ್ಕೆಂದೇ ಹೊಸದಾಗಿ ಕಟ್ಟಿದ್ದನ್ನು ನುಡಿಸಬೇಕೆಂದು ಗ್ಯಾಲರಿಯವರು ಕೇಳಿದಾಗ ತಂಗಿ ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು. ಆಮೇಲೆ ಐದು ವಾರ ತಲೆ ಚಚ್ಚಿಕೊಂಡಳು.

ಚಿತ್ರದಲ್ಲಿ ಮನೆ, ಮರ, ಮನುಷ್ಯ ಏನೂ ಇರಲಿಲ್ಲ. ಹರವಾದ ಬೂದು, ನಡುವೆ ಒಂದು ಹಳದಿ ಪಟ್ಟಿ, ಕೆಳಗೆ ಒತ್ತೊತ್ತಾಗಿ ಕಪ್ಪು ಗೀರುಗಳು, ಅಷ್ಟೇ. ತಂಗಿ ಅದರ ಫೋಟೋ ತೆಗೆದುಕೊಂಡು ಹೋಗಿ ಗೋಡೆಗೆ ಅಂಟಿಸಿಕೊಂಡಳು. ಕಪ್ಪಿಗೆ ದೊಡ್ಡ ಡ್ರಮ್, ಬೂದಿಗೆ ತಂತಿ ಬ್ರಷ್ಷಿನ ಸವರಾಟ, ಹಳದಿಗೆ ಹಿತ್ತಾಳೆಯ ಸಿಂಬಲ್ ಎಂದು ಹಂಚಿ ಹನ್ನೆರಡು ದಿನ ಕೂತು ಬರೆದಳು. ಕೇಳಿಸೋಣವೆಂದು ಅಕ್ಕನ ಕೆಲಸದ ಕೋಣೆಗೆ ಹೋದರೆ ಚಿತ್ರದಲ್ಲಿ ಹಳದಿಯೇ ಇಲ್ಲ.

“ಹಳದಿ ಎಲ್ಲಿ?”

“ಕೆರೆದು ಹಾಕ್ದೆ. ತುಂಬಾ ಮಾತಾಡ್ತಿತ್ತು.”

“ಅಕ್ಕಾ, ಅದರ ಮೇಲೇ ನಾಲ್ಕು ನಿಮಿಷ ಕಟ್ಟಿದ್ದೀನಿ ಕಣೆ!”

“ಯಾರೇ ಕಟ್ಟು ಅಂದಿದ್ದು? ಇನ್ನೂ ಮುಗಿದಿಲ್ಲ.”

“ಯಾವಾಗ ಮುಗಿಯುತ್ತೆ?”

“ಮುಗಿದಾಗ.”

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಮತ್ತೆ ಮೊದಲಿನಿಂದ ಶುರು. ಮುಂದಿನ ವಾರ ಹಳದಿಯ ಜಾಗಕ್ಕೆ ನೀಲಿ ಬಂತು. ಅದರ ಮುಂದಿನ ವಾರ ಅಕ್ಕ ಚಿತ್ರವನ್ನೇ ತಲೆಕೆಳಗು ಮಾಡಿಟ್ಟಿದ್ದಳು.

“ಹಾಗಾದ್ರೆ ನಾನೂ ಕೊನೆಯಿಂದ ಬಾರಿಸ್ಲಾ?” ಎಂದು ತಂಗಿ ಕೂಗಿದಳು.

ಟೀ ತಂದ ಭಾವ ಬಾಗಿಲಲ್ಲೇ ನಿಂತು, “ಹೆಂಗೆ ಬಾರಿಸಿದ್ರೂ ನಂಗಂತೂ ಗೊತ್ತಾಗಲ್ಲ ಬಿಡಮ್ಮ,” ಎಂದು ಲೋಟಗಳನ್ನು ಇಟ್ಟು ಮೆಲ್ಲಗೆ ಜಾರಿಕೊಂಡರು.

ಇವಳು ಏನು ಮಾಡುತ್ತಾಳೋ ಕಣ್ಣಾರೆ ನೋಡಿಯೇ ಹೋಗುವುದೆಂದು ತಂಗಿ ಹಟ ಹಿಡಿದು ಅಲ್ಲೇ ಕುಳಿತಳು. ಅಕ್ಕ ಹತ್ತು ನಿಮಿಷ ಸುಮ್ಮನೆ ನಿಂತಳು. ಒಂದು ಗೀರು ಎಳೆದಳು. ಮತ್ತೆ ನಿಂತಳು. ಕೊನೆಗೆ ಚಪ್ಪಟೆ ಚಾಕು ಹಿಡಿದು ಆ ಗೀರನ್ನೂ ಅದರ ಪಕ್ಕದ ಎರಡನ್ನೂ ಕೆರೆದು ತೆಗೆದಳು. ಅವಳ ಕಣ್ಣು ಒದ್ದೆಯಾಗಿತ್ತು.

“ಮೂರು ದಿನದ ಕೆಲಸ ಅದು,” ಅಂದಳು. “ಹೊಟ್ಟೆ ಉರಿಯೋದು ನಿಂಗೊಬ್ಬಳಿಗೇ ಅಂದ್ಕೊಂಡಿದ್ದೀಯಾ?”

“ಮತ್ಯಾಕೆ ತೆಗೀತೀಯಾ?”

“ಅದಿದ್ರೆ ಉಳಿದದ್ದು ಕಾಣಲ್ಲ.”

ತಂಗಿ ಮನೆಗೆ ಹೋಗಿ ಬರೆದ ಹಾಳೆಗಳನ್ನು ಹರವಿದಳು. ಹೊಸದೇನನ್ನೂ ಸೇರಿಸಲಿಲ್ಲ, ಪೆನ್ನು ಹಿಡಿದು ಹೊಡೆತಗಳನ್ನು ಒಂದೊಂದಾಗಿ ಕಾಟು ಹಾಕುತ್ತ ಹೋದಳು. ಆಸೆಪಟ್ಟು ಕಟ್ಟಿದ್ದ ಸಿಂಬಲ್‌ನ ಭಾಗ ಬಂದಾಗ ಕೈ ತಡೆಯಿತು. ಹಲ್ಲು ಕಚ್ಚಿ ಅದನ್ನೂ ಹೊಡೆದು ಹಾಕಿದಳು. ಕಟ್ಟುತ್ತ ಕಟ್ಟುತ್ತ ಒಂಬತ್ತಕ್ಕೇರಿದ್ದ ವಾದ್ಯಗಳಲ್ಲಿ ಉಳಿದದ್ದು ಎರಡು. ನಡುವಿನ ಮೌನವನ್ನು ಎಣಿಸುವುದು ನುಡಿಸುವುದಕ್ಕಿಂತ ಕಷ್ಟವಾಗಿ, ದಿನವೂ ಲೆಕ್ಕ ತಪ್ಪಿ ಕೋಲು ಬಿಸಾಡಿದಳು, ಮತ್ತೆ ಎತ್ತಿಕೊಂಡಳು.

ಪ್ರದರ್ಶನದ ದಿನ ಮೊದಲ ಮೌನದಲ್ಲೇ ಮುಗಿಯಿತೆಂದುಕೊಂಡು ಯಾರೋ ಒಬ್ಬಾತ ಚಪ್ಪಾಳೆ ತಟ್ಟಿದ. ತಂಗಿ ಕೋಲು ಎತ್ತಿ ಹಿಡಿದು, ಆತ ಕೈ ಕೆಳಗಿಳಿಸುವವರೆಗೂ ದುರುಗುಟ್ಟಿಕೊಂಡು ಕಾದಳು. ಎರಡನೆಯ ಮೌನದಲ್ಲಿ ಯಾರೂ ಕೆಮ್ಮಲಿಲ್ಲ. ಮೂರನೆಯದರಲ್ಲಿ ಅವಳಿಗೆ ಎಣಿಸುವುದೇ ಬೇಕಾಗಲಿಲ್ಲ.

ಜನ ಹೋದ ಮೇಲೆ ಅಕ್ಕತಂಗಿ ದೊಡ್ಡ ಡ್ರಮ್ಮನ್ನು ಆಚೀಚೆ ಹಿಡಿದು ಮೆಟ್ಟಿಲಿಳಿಯತೊಡಗಿದರು.

“ಹೆಂಗಿತ್ತು? ಅದನ್ನಾದ್ರೂ ಬಾಯಿಬಿಟ್ಟು ಹೇಳೇ.”

“ಕೇಳ್ತಾ ಕೇಳ್ತಾ ನನ್ನ ಚಿತ್ರ ನೋಡೋದೇ ಮರ್ತುಹೋಯ್ತು.”

ಇದು ಹೊಗಳಿಕೆಯೋ ದೂರೋ ತಂಗಿಗೆ ತಿಳಿಯಲಿಲ್ಲ. ಕೇಳಲು ತಿರುಗುವಷ್ಟರಲ್ಲಿ ಅಕ್ಕ, “ಮುಂದೆ ನೋಡೇ, ಬೀಳಿಸ್ತೀಯಾ ನನ್ನ!” ಎಂದು ಗದರಿದಳು.